ಪೋರ್ಚುಗಲ್ಲಿನ ಕಡಲ ಪ್ರಬಂಧಗಳನ್ನು ನಾನು ಹುಡುಕಿ ಓದುವ ಕ್ರಮ

ಬೂತಾಯಿ ಮೀನಿನ ಸಂಖ್ಯೆಯ ಏರಿಳಿತದ ಮೇಲೆ ಕೆಲಸ ಮಾಡುವವರು ಪೋರ್ಚುಗಲ್ಲಿನ ಸಂಶೋಧನೆಯನ್ನು ಓದಲೇಬೇಕು. ಅಲ್ಲಿನ ಸಾರ್ಡೀನ್ ಮೀನು ಸಾರ್ಡಿನಾ ಪಿಲ್ಚಾರ್ಡಸ್, ನಮ್ಮ ಬೂತಾಯಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಕುಲ ಬೇರೆಯಾದರೂ ಎರಡನ್ನೂ ಸಾಕುವುದು ಕೆಳಗಿನ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುವ ಕ್ರಿಯೆ. ಕರಾವಳಿ ಕರ್ನಾಟಕದಲ್ಲಿ ಅದು ಮುಂಗಾರಿನ ತಿಂಗಳುಗಳಲ್ಲಿ ನಡೆಯುತ್ತದೆ, ಪೋರ್ಚುಗಲ್ಲಿನ ಪಶ್ಚಿಮ ತೀರದಲ್ಲಿ ಬೇಸಗೆಯ ಬಡಗಾಳಿ ಬೀಸುವಾಗ. ಆ ಗಾಳಿಗೆ ಅಲ್ಲಿ 'ನೊರ್ತಾದ' ಎಂದೇ ಹೆಸರಿದೆ.

ಅಲ್ಲಿನ ಕೆಲಸದ ಸಾರ ಇಂಗ್ಲಿಷ್ ನಿಯತಕಾಲಿಕಗಳಲ್ಲಿ ಸಿಗುತ್ತದೆ. ಆದರೆ ತಿಂಗಳು ತಿಂಗಳಿನ ಕಚ್ಚಾ ಅಂಕಿಗಳು ಸ್ನಾತಕೋತ್ತರ ಪ್ರಬಂಧಗಳ ಅನುಬಂಧದಲ್ಲಿ ಪೋರ್ಚುಗೀಸಿನಲ್ಲೇ ಉಳಿದಿರುತ್ತವೆ. ಎರಡು ವರ್ಷ ಮೀನು ಕೊಯ್ದು ಅಂಡಾಶಯ ತೂಗಿದ ವಿದ್ಯಾರ್ಥಿಯ ಕೋಷ್ಟಕವೊಂದು ಹತ್ತು ಲೇಖನಗಳ ಸರಾಸರಿಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದು. ಅಂಥವನ್ನು ಹುಡುಕಿ, ತಪ್ಪಿಲ್ಲದೆ ಅಂಕಿ ಎತ್ತಿಕೊಳ್ಳಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಬಾಗಿಲು ಆರ್‌ಸಿಎಎಪಿ ಎಂಬ ಜಾಲತಾಣ. 2008ರಲ್ಲಿ ಶುರುವಾದ ಇದು ಪೋರ್ಚುಗಲ್ಲಿನ ವಿಶ್ವವಿದ್ಯಾಲಯಗಳ ಮತ್ತು ಪಾಲಿಟೆಕ್ನಿಕ್‌ಗಳ ಮುಕ್ತ ಭಂಡಾರಗಳನ್ನು ಒಟ್ಟಿಗೆ ಹುಡುಕುತ್ತದೆ. ಸ್ನಾತಕೋತ್ತರ ಮತ್ತು ಪಿಎಚ್‌.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಈ ಭಂಡಾರಗಳಿಗೆ ಒಪ್ಪಿಸುವುದನ್ನು 2013ರ ಕಾನೂನು ಕಡ್ಡಾಯ ಮಾಡಿತು. ಅದರಿಂದ ಈಚಿನವು ಹೆಚ್ಚೂಕಡಿಮೆ ಪೂರ್ತಿ ಸಿಗುತ್ತವೆ, ಹಳೆಯವುಗಳಲ್ಲಿ ಬಿಟ್ಟುಹೋದವು ಬಹಳ. ಕಡಲ ಕೆಲಸಕ್ಕೆ ನಾನು ಬಿಡಿಬಿಡಿಯಾಗಿಯೂ ಹೊಕ್ಕು ನೋಡುವ ಭಂಡಾರಗಳು ಕೆಲವಿವೆ. ಫಾರೋ ಊರಿನ ಆಲ್ಗಾರ್ವ್ ವಿಶ್ವವಿದ್ಯಾಲಯದ 'ಸಪಿಯೆಂಸಿಯ'ದಲ್ಲಿ ಖಾರಿ, ಸಮುದ್ರಕುದುರೆ, ಆಕ್ಟೋಪಸ್, ಮೀನುಸಾಕಣೆ ಸಿಗುತ್ತವೆ. ಅಸೋರಿಶ್ (ಇಂಗ್ಲಿಷಿನಲ್ಲಿ ಅಜೋರ್ಸ್) ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಆಳಸಮುದ್ರ, ತಿಮಿಂಗಿಲ, ಬಿಸಿನೀರ ಬುಗ್ಗೆಗಳ ಜೀವಿಗಳು. ಪೆನಿಶೆಯಲ್ಲಿ ಕಡಲ ಶಾಲೆ ನಡೆಸುವ ಲೈರಿಯಾ ಪಾಲಿಟೆಕ್ನಿಕ್‌ನಲ್ಲಿ ಪಾಚಿಯಿಂದ ತೆಗೆದ ರಾಸಾಯನಿಕಗಳು ಮತ್ತು ಮೀನಿನ ತಿನಿಸುಗಳು. ಎವೊರಾ ವಿಶ್ವವಿದ್ಯಾಲಯದ ಕಡಲ ಪ್ರಯೋಗಾಲಯ ಇರುವುದು ಸೀನಿಶ್ ಬಂದರಿನಲ್ಲಿ, ಹಾಗಾಗಿ ಬಂಡೆಗಂಟಿದ ಜೀವಿಗಳ ಕೆಲಸಕ್ಕೆ ಅದರ ಭಂಡಾರ ಒಳ್ಳೆಯದು. ಸರ್ಕಾರಿ ಮೀನುಗಾರಿಕೆ ಸಂಶೋಧನೆ ಈಗ ಐಪಿಎಂಎ ಸಂಸ್ಥೆಯಲ್ಲಿದೆ. ಅದು 2012ರಲ್ಲಿ ಹುಟ್ಟಿತು. ಅದಕ್ಕೂ ಹಿಂದಿನ ವರದಿ ಬೇಕಿದ್ದರೆ ಹಳೆಯ ಹೆಸರು ಐಪಿಐಎಂಎಆರ್ ಹಾಕಿ ಹುಡುಕಬೇಕು.

ಹುಡುಕುವ ಪದವನ್ನು ನಾನು ನಾಲ್ಕು ಸುತ್ತು ಬದಲಿಸುತ್ತೇನೆ. ಮೊದಲ ಸುತ್ತು ವೈಜ್ಞಾನಿಕ ಹೆಸರು, ಉದ್ಧರಣ ಚಿಹ್ನೆಯೊಳಗೆ. ಎರಡನೆಯದು ಅದೇ ಜೀವಿಯ ಹಳೆಯ ವೈಜ್ಞಾನಿಕ ಹೆಸರುಗಳು. ಇವನ್ನು ವರ್ಮ್ಸ್ ಎಂಬ ಕಡಲ ಜೀವಿಗಳ ಪಟ್ಟಿಯಿಂದ ತೆಗೆದುಕೊಳ್ಳಬಹುದು. ಸಮುದ್ರಕುದುರೆ ಹಿಪೊಕ್ಯಾಂಪಸ್ ಗುಟ್ಯುಲೇಟಸ್ ಅನ್ನು ಹಿಂದೆ ಹಿಪೊಕ್ಯಾಂಪಸ್ ರಾಮ್ಯುಲೋಸಸ್ ಎನ್ನುತ್ತಿದ್ದರು, ಈ ಎರಡನೆಯ ಹೆಸರು ಹಾಕದಿದ್ದರೆ ಹಳೆಯ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಮೂರನೆಯ ಸುತ್ತು ಪೋರ್ಚುಗೀಸ್ ರೂಢಿನಾಮ, ನಡುಗೆರೆ ಹಾಕಿ ಒಮ್ಮೆ, ತೆಗೆದು ಒಮ್ಮೆ. ನಾಲ್ಕನೆಯದು ಊರು ಅಥವಾ ಬಲೆಯ ಹೆಸರು. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವುದು ಉಚ್ಚಾರಣೆ ಮಾತ್ರ. ಅಲ್ಲಿನ ಅಕ್ಷರ ಜೋಡಣೆಯನ್ನು ಫಿಶ್‌ಬೇಸ್‌ನ ರೂಢಿನಾಮಗಳ ಪುಟದಿಂದ ನಕಲು ಮಾಡಿಕೊಳ್ಳುವುದು ಕ್ಷೇಮ.

ಕೆಲಸ ಹೆಚ್ಚು ಹಾಳಾಗುವುದು ರೂಢಿನಾಮದಲ್ಲೇ. ಪೋರ್ಚುಗೀಸ್ ಭಾಷೆಗೆ ಎರಡು ದಡಗಳಿವೆ, ಹುಡುಕಿದಾಗ ಬ್ರೆಜಿಲ್ಲಿನದೂ ಒಟ್ಟಿಗೆ ಬರುತ್ತದೆ. 'ಬೋತು' ಎಂದರೆ ಪೋರ್ಚುಗಲ್ಲಿನಲ್ಲಿ ಕಡಲ ಹಂದಿಮೀನು ಫೊಸೀನಾ ಫೊಸೀನಾ, ಬ್ರೆಜಿಲ್ಲಿನಲ್ಲಿ ಅಮೆಜಾನ್ ನದಿಯ ಡಾಲ್ಫಿನ್. 'ಸರ್ದೀಞ' ಎಂದರೆ ಅತ್ತ ಸಾರ್ಡಿನೆಲ್ಲಾ ಬ್ರೆಸಿಲಿಯೆನ್ಸಿಸ್. ಪಚ್ಚಿಲೆ ಎಂಬ ಚಿಪ್ಪುಜೀವಿಗೆ ಎರಡೂ ಕಡೆ 'ಮೆಶಿಲ್ಯಾಂವ್' ಎನ್ನುತ್ತಾರೆ. ಪೋರ್ಚುಗಲ್ಲಿನದು ಸಾಮಾನ್ಯವಾಗಿ ಮಿಟಿಲಸ್ ಗ್ಯಾಲೊಪ್ರೊವಿನ್ಸಿಯಾಲಿಸ್, ಬ್ರೆಜಿಲ್ಲಿನದು ಪರ್ನಾ ಪರ್ನಾ. ಪ್ರಬಂಧದ ಮುಖಪುಟವೇ ಒಂದು ಸುಳಿವು: ಡಾಕ್ಟರೇಟಿಗೆ 'ದೊತೊರಮೆಂತು' ಎಂದಿದ್ದರೆ ಪೋರ್ಚುಗಲ್, 'ದೊತೊರಾದು' ಎಂದಿದ್ದರೆ ಬ್ರೆಜಿಲ್.

ಪೋರ್ಚುಗಲ್ಲಿನ ಒಳಗೂ ಇದೇ ಗೊಂದಲವಿದೆ. 'ಶಿಶಾರು' ಎಂದು ಅಸೋರಿಶ್‌ನವರು ಕರೆಯುವುದು ಟ್ರಾಕ್ಯುರಸ್ ಪಿಕ್ಚುರೇಟಸ್ ಎಂಬ ಮೀನನ್ನು. ಮುಖ್ಯಭೂಮಿಯಲ್ಲಿ ಅದೇ ಪದ ದೊಡ್ಡ ಗಾತ್ರದ ಟ್ರಾಕ್ಯುರಸ್ ಟ್ರಾಕ್ಯುರಸ್‌ಗೆ ಬಳಕೆಯಾಗುತ್ತದೆ, ಸಣ್ಣದಿದ್ದರೆ 'ಕರಪಾವ್'. ಇನ್ನು ಮದೇರಾ ದ್ವೀಪದ ಕಪ್ಪು ಕತ್ತಿಮೀನು 'ಪೈಶಿ-ಎಸ್ಪಾದ-ಪ್ರೆತು' ನಮ್ಮ ಪಾಂಬೋಲು ಎಂಬ ರಿಬ್ಬನ್ ಮೀನಿನ ಕುಟುಂಬದ್ದೇ. ಸುಮಾರು ಸಾವಿರ ಮೀಟರ್ ಆಳಕ್ಕೆ ಗಾಳದ ಸಾಲು ಬಿಟ್ಟು ಹಿಡಿಯುತ್ತಾರೆ. ಒಂದೇ ಹೆಸರಿನಲ್ಲಿ ಹರಾಜಾಗುವ ಈ ಮೀನಿನಲ್ಲಿ ಅಫಾನೊಪಸ್ ಕಾರ್ಬೊ, ಅಫಾನೊಪಸ್ ಇಂಟರ್‌ಮೀಡಿಯಸ್ ಎಂಬ ಎರಡು ಜಾತಿಗಳು ಬೆರೆತಿರುತ್ತವೆ. ಹೊರನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೆನ್ನೆಲುಬಿನ ಮಣಿ ಎಣಿಸಬೇಕು ಇಲ್ಲವೇ ಡಿಎನ್‌ಎ ನೋಡಬೇಕು. ಹಾಗಾಗಿ ಮದೇರಾದ ಬೆಳವಣಿಗೆಯ ಅಂಕಿ ತೆಗೆದುಕೊಳ್ಳುವ ಮುನ್ನ ಆ ಪ್ರಬಂಧ ಎರಡನ್ನು ಬೇರ್ಪಡಿಸಿದೆಯೇ ಎಂದು ವಿಧಾನದ ಅಧ್ಯಾಯದಲ್ಲಿ ನೋಡುತ್ತೇನೆ. ಬೇರ್ಪಡಿಸಿಲ್ಲದಿದ್ದರೆ ಪಕ್ಕಕ್ಕಿಡುತ್ತೇನೆ.

ಕಾಗುಣಿತ ಬದಲಾದದ್ದೂ ಹುಡುಕಾಟಕ್ಕೆ ಅಡ್ಡ ಬರುತ್ತದೆ. 1990ರ ಒಪ್ಪಂದದ ಹೊಸ ಬರವಣಿಗೆ 2009ರಿಂದ ಹಂತಹಂತವಾಗಿ ಜಾರಿಗೆ ಬಂತು. ಉಚ್ಚಾರವಿಲ್ಲದ 'ಸಿ' ಮತ್ತು 'ಪಿ' ಅಕ್ಷರಗಳು ಬಿದ್ದುಹೋದವು. ಮೀನಿನ ಪುಷ್ಟಿಯ ಸೂಚ್ಯಂಕದ ಹೆಸರಿನಲ್ಲಿ ಬರುವ 'ಫತೋರ್' ಪದದಲ್ಲಿ ಮೊದಲು 'ಟಿ'ಯ ಹಿಂದೆ 'ಸಿ' ಇತ್ತು, ಈಗಿಲ್ಲ. ಎರಡೂ ರೂಪ ಹಾಕದೆ ಹುಡುಕಿದರೆ ಒಂದು ಕಾಲದ ಪ್ರಬಂಧಗಳಷ್ಟೇ ಬರುತ್ತವೆ. 1911ರ ಸುಧಾರಣೆಗೂ ಹಿಂದಕ್ಕೆ ಹೋಗುವವರು 'ಎಫ್' ಇರುವಲ್ಲಿ 'ಪಿಎಚ್' ಹಾಕಬೇಕು, ಓಶನಾಗ್ರಫಿಯ ಪೋರ್ಚುಗೀಸ್ ಪದವನ್ನೂ ಹಾಗೇ ಬರೆಯುತ್ತಿದ್ದರು. ಅಷ್ಟು ಹಿಂದಕ್ಕೆ ಹೋಗುವುದಕ್ಕೆ ಕಾರಣವಿದೆ. ದೊರೆ ಒಂದನೆಯ ಕಾರ್ಲುಶ್ 1896ರಿಂದ 'ಅಮೇಲಿಯ' ಹೆಸರಿನ ನೌಕೆಯಲ್ಲಿ ಕಡಲ ಸಮೀಕ್ಷೆ ನಡೆಸಿದರು, 1898ರ ಆಲ್ಗಾರ್ವ್ ಟ್ಯೂನಾ ಬೇಟೆಯ ಬಗ್ಗೆ ವರದಿಯನ್ನೂ ಬರೆದರು. ಅವರ ಸಂಗ್ರಹ ಲಿಸ್ಬನ್ ಬಳಿಯ ವಾಸ್ಕೊ ದ ಗಾಮ ಅಕ್ವೇರಿಯಮ್ಮಿನಲ್ಲಿದೆ. ಆದರೆ 'ಮ್ಯೂಸೆವು ಬೊಕಾಜಿ'ಯ ಮಾದರಿ ಸಂಖ್ಯೆ ಉಲ್ಲೇಖಿಸುವ ಹಳೆಯ ಲೇಖನ ಸಿಕ್ಕರೆ ಎಚ್ಚರ ಬೇಕು. ಲಿಸ್ಬನ್ನಿನ ಆ ಪ್ರಾಣಿಸಂಗ್ರಹ 1978ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಯಿತು, ಮಾದರಿಯನ್ನು ಮತ್ತೆ ನೋಡಿ ಜಾತಿ ಖಚಿತಪಡಿಸಿಕೊಳ್ಳುವ ದಾರಿ ಅನೇಕ ಸಲ ಮುಚ್ಚಿದೆ.

ಪಿಡಿಎಫ್ ಕೈಗೆ ಬಂದ ಮೇಲೆ ಕೋಷ್ಟಕದ ಕೆಲಸ. ಪೋರ್ಚುಗೀಸಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. 18,5 ಎಂದರೆ ಹದಿನೆಂಟೂವರೆ, 20.000 ಎಂದರೆ ಇಪ್ಪತ್ತು ಸಾವಿರ. ನಮ್ಮ ಕಂಪ್ಯೂಟರಿನ ಎಕ್ಸೆಲ್‌ಗೆ ನೇರ ಅಂಟಿಸಿದರೆ ಇಪ್ಪತ್ತು ಸಾವಿರ ಮೊಟ್ಟೆ ಇಪ್ಪತ್ತಾಗಿ ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ನಾನು ಮೊದಲು ಎಲ್ಲವನ್ನೂ ಪಠ್ಯವಾಗಿ ಅಂಟಿಸಿ, ಚುಕ್ಕಿಗಳನ್ನು ಅಳಿಸಿ, ಆಮೇಲೆ ಅಲ್ಪವಿರಾಮವನ್ನು ಚುಕ್ಕಿಯಾಗಿಸುತ್ತೇನೆ. ಈ ಅನುಕ್ರಮ ತಿರುವುಮುರುವಾದರೆ 18,5 ಹೋಗಿ 185 ಆಗುತ್ತದೆ. ಅದೇ ಪ್ರಬಂಧದ ಇಂಗ್ಲಿಷ್ ಅಧ್ಯಾಯಗಳಲ್ಲಿ ಚುಕ್ಕಿಯೇ ದಶಮಾಂಶವಾಗಿರಬಹುದು, ಹಾಗಾಗಿ ಕೋಷ್ಟಕಕ್ಕೊಂದು ಸಲ ಪರಿಶೀಲಿಸಬೇಕು. ದೊಡ್ಡ ಸಂಖ್ಯೆಯ ಪದಗಳಲ್ಲೂ ಎರಡು ದೇಶಕ್ಕೆ ಎರಡು ಅರ್ಥ: ಪೋರ್ಚುಗಲ್ಲಿನ ಬಿಲಿಯನ್ ಎಂದರೆ ಲಕ್ಷ ಕೋಟಿ, ಬ್ರೆಜಿಲ್ಲಿನದು ನೂರು ಕೋಟಿ.

ಯಂತ್ರಾನುವಾದಕ್ಕೆ ಇಡೀ ಕೋಷ್ಟಕ ಕೊಡಬಾರದು. 'ಮಾರ್' ಎಂದರೆ ಸಮುದ್ರವೂ ಹೌದು, ಮಾರ್ಚ್ ತಿಂಗಳ ಸಂಕ್ಷೇಪವೂ ಹೌದು. ಅಕ್ಟೋಬರಿನ ಸಂಕ್ಷೇಪವನ್ನು ಯಂತ್ರ ಇಂಗ್ಲಿಷಿನ 'ಔಟ್' ಎಂದುಕೊಳ್ಳಬಹುದು. ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗೆ ಅವರು ಹೇಳುವ 'ಸೆರ್ಕು' ಪದಕ್ಕೆ ಕೋಟೆಯ ಮುತ್ತಿಗೆ ಎಂಬ ಅರ್ಥವೂ ಇದೆ. ಬಲೆಯ ಪದಗಳನ್ನು ಬಾಯಿಪಾಠ ಮಾಡಿಕೊಂಡರೆ ಸಮಯ ಉಳಿಯುತ್ತದೆ: 'ಅರಾಸ್ತು' ಟ್ರಾಲ್, 'ಎಮಲ್ಯಾರ್' ಗಿಲ್‌ನೆಟ್, 'ಪಲಾಂಗ್ರಿ' ಗಾಳದ ಸಾಲು. ನಮ್ಮ ರಂಪಣಿಯ ಹಾಗೆ ದಡದಿಂದ ಎಳೆಯುವ ಬಲೆ 'ಶಾವೆಗ'. ಅದನ್ನು ಹಿಂದೆ ಎತ್ತುಗಳಿಂದ ಎಳೆಸುತ್ತಿದ್ದರು, ಈಗ ಟ್ರ್ಯಾಕ್ಟರ್ ಬಂದಿದೆ. ಶಾವೆಗದ ಮೇಲೆ ಮಾನವಶಾಸ್ತ್ರದವರೂ ಮೀನುಗಾರಿಕೆಯವರೂ ಬರೆಯುತ್ತಾರೆ, ವಿಭಾಗದ ಸೋಸುಗ ಹಾಕಿ ಹುಡುಕುವವರಿಗೆ ಅರ್ಧ ಸಾಮಗ್ರಿ ತಪ್ಪಿಹೋಗುತ್ತದೆ.

ಬಲೆಯ ಹೆಸರು ಏಕೆ ಮುಖ್ಯ ಎನ್ನುವುದಕ್ಕೆ ಆಲ್ಗಾರ್ವಿನ ಆಕ್ಟೋಪಸ್ ಒಳ್ಳೆಯ ಉದಾಹರಣೆ. ಅದನ್ನು ಎರಡು ಬಗೆಯಲ್ಲಿ ಹಿಡಿಯುತ್ತಾರೆ. 'ಕೋವು' ಎಂಬ ಪಂಜರದಲ್ಲಿ ಎರೆ ಇರುತ್ತದೆ. 'ಅಲ್ಕತ್ರೂಸ್' ಎಂಬ ಮಡಕೆಯಲ್ಲಿ ಎರೆ ಇಲ್ಲ, ಆಕ್ಟೋಪಸ್ ಆಸರೆಗೆಂದು ತಾನೇ ಒಳಹೊಗುತ್ತದೆ. ಮೊಟ್ಟೆಗೆ ಕಾವಲು ಕೂತ ಹೆಣ್ಣು ಆಹಾರ ಬಿಡುವುದರಿಂದ ಎರೆಯ ಪಂಜರಕ್ಕೆ ಬರುವುದಿಲ್ಲ, ಮಡಕೆಯಲ್ಲಿ ಸಿಗುತ್ತದೆ. ಎರಡು ಮೂಲದ ಮಾದರಿ ಬೆರೆಸಿ ಪ್ರೌಢತೆಯ ತೂಕ ಲೆಕ್ಕ ಹಾಕಿದರೆ ಉತ್ತರ ಓರೆಯಾಗುತ್ತದೆ. ಮಾರುಕಟ್ಟೆಯಿಂದ ಕೊಂಡ ಮಾದರಿಯಾದರೆ ಇನ್ನೊಂದು ಮಿತಿಯಿದೆ: ಅಲ್ಲಿ ಕಾನೂನಿನ ಕನಿಷ್ಠ ತೂಕ 750 ಗ್ರಾಂ, ಅದಕ್ಕಿಂತ ಚಿಕ್ಕವು ಲೆಕ್ಕದಲ್ಲೇ ಇರುವುದಿಲ್ಲ. 'ಲೋತ' ಎಂಬ ಮೀನು ಹರಾಜುಕಟ್ಟೆಯ ಅಂಕಿಗಳಿಗೂ ಇದೇ ಮಾತು. ಅವು ಮಾರಾಟಕ್ಕೆ ಬಂದದ್ದರ ಲೆಕ್ಕ, ಸಮುದ್ರಕ್ಕೇ ಎಸೆದದ್ದು ಅದರಲ್ಲಿಲ್ಲ.

ಸಾರ್ಡೀನಿನ ವಿಷಯದಲ್ಲಿ ನಾನು ಹೆಚ್ಚು ಬಳಸುವುದು ದಿನದ ಮೊಟ್ಟೆ ಉತ್ಪಾದನೆಯಿಂದ ಮೀನಿನ ರಾಶಿ ಅಂದಾಜು ಮಾಡುವ ವಿಧಾನವನ್ನು. ಪೋರ್ಚುಗಲ್ಲಿನಲ್ಲಿ ಇದನ್ನು ಮೊದಲು ಮಾಡಿದ್ದು 1988ರಲ್ಲಿ. ಸೂತ್ರ ಸರಳ. ಚದರ ಮೀಟರಿಗೆ ದಿನಕ್ಕೆ ಬೀಳುವ ಮೊಟ್ಟೆ, ಮೊಟ್ಟೆ ಇಡುವ ಕ್ಷೇತ್ರ, ಹೆಣ್ಣಿನ ಸರಾಸರಿ ತೂಕ, ಈ ಮೂರನ್ನೂ ಗುಣಿಸಬೇಕು. ಬಂದದ್ದನ್ನು ಹೆಣ್ಣಿನ ಪಾಲು, ಒಂದು ಸಲಕ್ಕೆ ಇಡುವ ಮೊಟ್ಟೆ, ದಿನವೊಂದಕ್ಕೆ ಮೊಟ್ಟೆ ಇಡುವ ಹೆಣ್ಣುಗಳ ಪಾಲು, ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಕ್ಷೇತ್ರ ಚದರ ಕಿಲೋಮೀಟರಿನಲ್ಲೂ ತೂಕ ಗ್ರಾಮಿನಲ್ಲೂ ಇದ್ದರೆ ಉತ್ತರ ನೇರವಾಗಿ ಟನ್ನಿನಲ್ಲಿ ಬರುತ್ತದೆ, ಎರಡು ಹತ್ತು ಲಕ್ಷಗಳು ಪರಸ್ಪರ ಹೊಡೆದುಹೋಗುತ್ತವೆ.

ಲೆಕ್ಕ ಸರಿಯಿದೆಯೇ ಎಂದು ನೋಡಲು ಕಲ್ಪಿತ ಅಂಕಿಗಳನ್ನು ಇಟ್ಟುಕೊಂಡಿದ್ದೇನೆ. ಮೊಟ್ಟೆ 100, ಕ್ಷೇತ್ರ 10,000, ತೂಕ 50, ಹೆಣ್ಣಿನ ಪಾಲು 0.5, ಒಂದು ಸಲದ ಮೊಟ್ಟೆ 20,000, ದಿನದ ಪಾಲು 0.1. ಮೇಲೆ 5 ಕೋಟಿ, ಕೆಳಗೆ 1,000, ಉತ್ತರ 50,000 ಟನ್. ಚುಕ್ಕಿಯ ತಪ್ಪಿನಿಂದ 20,000 ಹೋಗಿ 20 ಆಗಿದ್ದರೆ ಉತ್ತರ 5 ಕೋಟಿ ಟನ್ ಆಗಿ ತಪ್ಪು ಎದ್ದು ಕಾಣುತ್ತದೆ. ಗುಟ್ಟಾಗಿ ಉಳಿಯುವ ತಪ್ಪುಗಳು ಬೇರೆ ಇವೆ. ಕೆಲವರು ಒಂದು ಗ್ರಾಂ ಹೆಣ್ಣಿಗೆ ಎಷ್ಟು ಮೊಟ್ಟೆ ಎಂದು ಕೊಡುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅದು 400. ಆ ರೂಪ ಬಳಸಿದಾಗ ಮೇಲಿನ ಸಾಲಿನಿಂದ ತೂಕವನ್ನು ತೆಗೆಯಲೇಬೇಕು, ಇಲ್ಲವಾದರೆ ಉತ್ತರ ಐವತ್ತು ಪಟ್ಟು ಉಬ್ಬುತ್ತದೆ. ಹೆಣ್ಣಿನ ಪಾಲನ್ನು ತೂಕದಿಂದ ತೆಗೆದಿರಬೇಕು, ತಲೆ ಎಣಿಸಿ ಅಲ್ಲ. ದಿನದ ಪಾಲು ಅಂಡಾಶಯದ ತೆಳುಛೇದಗಳಲ್ಲಿ ಮೊಟ್ಟೆ ಹೊರಬಿದ್ದ ಕೋಶಗಳ ವಯಸ್ಸು ನೋಡಿ ಬರುವ ಅಂಕಿ, ಎಲ್ಲಕ್ಕಿಂತ ಅಲುಗಾಡುವುದು ಅದೇ. ಹಳೆಯ ಸಮೀಕ್ಷೆಗಳ ಅಂದಾಜುಗಳನ್ನು ಆಮೇಲೆ ಮರುಲೆಕ್ಕ ಮಾಡಿದ್ದಾರೆ. ಹಾಗಾಗಿ ಹಳೆಯ ಪ್ರಬಂಧದ ಅಂಕಿಯನ್ನು ಹೊಸ ಸರಣಿಯ ಪಕ್ಕ ಜೋಡಿಸಿ ಗೆರೆ ಎಳೆಯಬಾರದು.

ಹೋಲಿಕೆಯ ಇನ್ನೊಂದು ಪಾಠ ಫಾರೋ ಪಕ್ಕದ ರಿಯಾ ಫೊರ್ಮೋಜ ಖಾರಿಯಲ್ಲಿದೆ. 2001-02ರಲ್ಲಿ ಅಲ್ಲಿ ಸಮುದ್ರಕುದುರೆಗಳ ಭಾರಿ ಸಾಂದ್ರತೆ ಕಂಡಿತ್ತು. 2008-09ರಲ್ಲಿ ಮತ್ತೆ ಎಣಿಸಿದಾಗ ಹಿಪೊಕ್ಯಾಂಪಸ್ ಗುಟ್ಯುಲೇಟಸ್ ಶೇ. 94, ಹಿಪೊಕ್ಯಾಂಪಸ್ ಹಿಪೊಕ್ಯಾಂಪಸ್ ಶೇ. 73 ಕುಸಿದಿದ್ದವು. ಈ ಮಾತಿಗೆ ತೂಕ ಬಂದದ್ದು ಮೊದಲ ಎಣಿಕೆಯ ಜಾಗಗಳಿಗೇ ಮರಳಿ ಹೋಗಿ ಎಣಿಸಿದ್ದರಿಂದ. ಬೇರೆ ಬೇರೆ ಪ್ರಬಂಧಗಳ ಸಾಂದ್ರತೆ ಜೋಡಿಸುವಾಗ ಎಣಿಕೆ ನಡೆಸಿದ ತಳದ ಪಟ್ಟಿಯ ಉದ್ದಗಲ ನೋಡಿ ಚದರ ಮೀಟರಿಗೆ ಇಳಿಸಿಕೊಳ್ಳಬೇಕು. 30 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಯಲ್ಲಿ ಒಂದು ಕುದುರೆ ಎಂದರೆ 0.017. ಕಡಲಹುಲ್ಲಿನ ನಡುವೆ ಹುಡುಕಿದ್ದೋ ಬರಿ ಮರಳಲ್ಲೋ ಎಂಬುದನ್ನೂ ಪಕ್ಕದ ಕಲಮಿನಲ್ಲಿ ಬರೆದಿಡುತ್ತೇನೆ.

ಕೆಲವು ಪ್ರಬಂಧಗಳಿಗೆ 'ಎಂಬರ್ಗಾದು' ಎಂಬ ಗುರುತಿರುತ್ತದೆ. ಅಂದರೆ ನಿಗದಿತ ದಿನದವರೆಗೆ ಕಡತ ತೆರೆಯುವುದಿಲ್ಲ. ಬಹುಪಾಲು ಭಂಡಾರಗಳಲ್ಲಿ ಪ್ರತಿ ಕೇಳುವ ಗುಂಡಿ ಇರುತ್ತದೆ, ಅದು ಲೇಖಕರಿಗೆ ಮಿಂಚಂಚೆ ಕಳಿಸುತ್ತದೆ. ಇಡೀ ಪ್ರಬಂಧ ಕೇಳದೆ ಬೇಕಾದ ಕೋಷ್ಟಕದ ಸಂಖ್ಯೆ, ಯಾವ ತಿಂಗಳುಗಳ ಅಂಕಿ, ಯಾವುದಕ್ಕೆ ಎಂದು ನಾಲ್ಕು ಸಾಲು ಬರೆದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಕಡತದ ವಿಳಾಸ ಬದಲಾಗಬಹುದು, ಆದ್ದರಿಂದ ದಾಖಲೆಯ ಶಾಶ್ವತ 'ಹ್ಯಾಂಡಲ್' ವಿಳಾಸವನ್ನೇ ಪತ್ರದಲ್ಲೂ ನನ್ನ ಪಟ್ಟಿಯಲ್ಲೂ ಕೊಡುತ್ತೇನೆ. ಆಗಸ್ಟ್ ಅಲ್ಲಿ ರಜೆಯ ತಿಂಗಳು, ಆಗ ಕಳಿಸಿದ ಪತ್ರಗಳನ್ನು ಸೆಪ್ಟೆಂಬರ್ ಎರಡನೇ ವಾರದಲ್ಲಿ ಇನ್ನೊಮ್ಮೆ ಕಳಿಸಬೇಕಾಗುತ್ತದೆ.