ರೋ ಹೌಸ್ ಕೊಳ್ಳುವ ಮುನ್ನ

ತುಮಕೂರಿನ ಹೊರವಲಯದಲ್ಲಿ ರೋ ಹೌಸ್ (ನಡುಗೋಡೆ ಹಂಚಿಕೊಂಡು ಸಾಲಾಗಿ ಕಟ್ಟಿದ ಮನೆ) ನೋಡುತ್ತಿರುವವರು, ಮನೆಯ ಕೆಳಗಿನ ನೆಲ ಪೂರ್ತಿಯಾಗಿ ತಮ್ಮ ಹೆಸರಿಗೆ ಕ್ರಯವಾಗುತ್ತದೆಯೋ ಅಥವಾ ಅಪಾರ್ಟ್‌ಮೆಂಟಿನಂತೆ ಎಲ್ಲರಿಗೂ ಸೇರಿದ ನೆಲದಲ್ಲಿ ಅವಿಭಜಿತ ಪಾಲು (ಗಡಿ ಗುರುತಿಸದ ಭಾಗ) ಮಾತ್ರ ಸಿಗುತ್ತದೆಯೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕ್ರಯಪತ್ರದ ಕರಡಿನಲ್ಲಿ ಓದಿ ತಿಳಿದುಕೊಳ್ಳಬೇಕು. ಮುಂದೆ ಮೇಲೊಂದು ಮಹಡಿ ಕಟ್ಟುವ ಆಸೆಯುಳ್ಳವರಿಗಂತೂ ನನ್ನ ದೃಷ್ಟಿಯಲ್ಲಿ ಬೆಲೆಗಿಂತ ಇದೇ ಮುಖ್ಯ. ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ), ಕೃಷಿ ಭೂಮಿಯನ್ನು ವಸತಿಗೆ ಬದಲಿಸಿದ ಭೂಪರಿವರ್ತನೆ ಆದೇಶ, ಆಸ್ತಿಯ ಮೇಲಿನ ಸಾಲ-ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಇವುಗಳನ್ನು ವಕೀಲರಿಗೆ ತೋರಿಸಿ. ಯೋಜನೆಯ ಒಟ್ಟು ಜಮೀನು 500 ಚದರ ಮೀಟರನ್ನೂ ಮನೆಗಳ ಸಂಖ್ಯೆ ಎಂಟನ್ನೂ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಲೇಬೇಕು.

ಇನ್ನು ನಡುಗೋಡೆಯ ವಿಷಯ. ನಾನು ನೋಡಿದ ಮನೆಯೊಂದರಲ್ಲಿ ಪಕ್ಕದವರ ಬಚ್ಚಲಿನ ನೀರು ಇಳಿದು, ಹೊಸ ಬಣ್ಣ ಅಂಗೈಯಗಲ ಉಬ್ಬಿತ್ತು. ಬೆರಳಿಟ್ಟರೆ ಗಾರೆ ಉದುರುತ್ತಿತ್ತು. ಅಂತಹ ಗೋಡೆಯ ರಿಪೇರಿ ಖರ್ಚು ಯಾರದೆಂದು ಕರಾರಿನಲ್ಲಿ ಬರೆಸಿಕೊಳ್ಳಿ. ಬೋರ್‌ವೆಲ್ ಎಲ್ಲರಿಗೂ ಒಂದೇ ಆಗಿದ್ದರೆ, ಏಪ್ರಿಲ್ ತಿಂಗಳಿನಲ್ಲಿ ನೀರು ಎಷ್ಟು ಹೊತ್ತು ಬರುತ್ತದೆಂದು ಅಲ್ಲಿ ವಾಸವಿರುವವರನ್ನೇ ಕೇಳಿ.