ಕಬ್ಬಿನ ಗದ್ದೆಯಿಂದ ಸ್ಕ್ರಮ್‌ಗೆ: ಹೊಲದ ಮೈಯನ್ನು ರಗ್ಬಿಗೆ ಪಳಗಿಸುವುದು ಹೇಗೆ

ಕಬ್ಬು ಕಡಿದು, ಹೊರೆ ಕಟ್ಟಿ, ಲಾರಿಗೆ ತುಂಬಿ ಅಭ್ಯಾಸವಿದ್ದರೆ ನೀವು ಅರ್ಧ ರಗ್ಬಿ ಫಾರ್ವರ್ಡ್ (ಸ್ಕ್ರಮ್ ಎಂಬ ಗುಂಪು ನೂಕಾಟದಲ್ಲಿ ನಿಲ್ಲುವ ಆಟಗಾರ) ಆಗಿಯೇ ಇದ್ದೀರಿ. ಉಳಿದರ್ಧ ಕಲಿಯಬೇಕು. ಊರಿಂದ ಬಂದ ಗಟ್ಟಿ ಹುಡುಗರು ಆ ಉಳಿದರ್ಧವನ್ನು ಲೆಕ್ಕಕ್ಕೇ ಇಡುವುದಿಲ್ಲ. ಶಕ್ತಿ ಇದೆಯಲ್ಲ, ಇನ್ನೇನು ಬೇಕು ಅಂದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮದ್ದೂರು ಕಡೆಯವನು. ಮನೆಯಲ್ಲಿ ಕಬ್ಬು, ರಾಗಿ, ಒಂದಿಷ್ಟು ಕುರಿ. ಕೆಲಸ ಪೀಣ್ಯದ ಒಂದು ಗೋದಾಮಿನಲ್ಲಿ. ಭಾನುವಾರ ಬೆಳಿಗ್ಗೆ ಕೆಂಗೇರಿ ಹತ್ತಿರದ ಒಂದು ಬಯಲಿನಲ್ಲಿ ಹುಡುಗರಿಗೆ ಫಾರ್ವರ್ಡ್ ಆಟ ಹೇಳಿಕೊಡುತ್ತೇನೆ. ನಾನು ಆಡಿದ್ದು ಟೈಟ್‌ಹೆಡ್ ಪ್ರಾಪ್, ಅಂದರೆ ಸ್ಕ್ರಮ್‌ನ ಮುಂದಿನ ಸಾಲಿನ ಬಲಗಡೆಯ 3ನೇ ನಂಬರ್. ಆದ್ದರಿಂದ ಬಾಲ್ ಹಿಡಿದು ಮಿಂಚಿನ ಹಾಗೆ ಓಡುವವರ ವಿಷಯ ನನ್ನನ್ನು ಕೇಳಬೇಡಿ.

ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಕಾಲಿನ್ ಮೀಡ್ಸ್. ನ್ಯೂಜಿಲೆಂಡಿನ ಕಿಂಗ್ ಕಂಟ್ರಿ ಎಂಬ ಗುಡ್ಡಗಾಡಿನ ರೈತ. ಹುಟ್ಟಿದ್ದು 1936ರಲ್ಲಿ, ಬೇಸಾಯ ಮಾಡಿದ್ದು ಟೆ ಕುಯಿಟಿ ಊರಿನ ಹತ್ತಿರ. 1957ರಲ್ಲಿ ದೇಶದ ತಂಡ ಆಲ್ ಬ್ಲ್ಯಾಕ್ಸ್ ಸೇರಿದವನು 1971ರವರೆಗೆ ಆಡಿದ. 55 ಟೆಸ್ಟ್ (ಬೇರೆ ದೇಶದ ತಂಡದ ಎದುರಿನ ಪಂದ್ಯ), ಎಲ್ಲಾ ಸೇರಿ ಆ ಕರಿ ಅಂಗಿಯಲ್ಲಿ 133 ಪಂದ್ಯ. 1999ರಲ್ಲಿ ಅವನನ್ನು ನ್ಯೂಜಿಲೆಂಡಿನ ಶತಮಾನದ ಆಟಗಾರ ಎಂದು ಕರೆದರು. ನನಗೆ ಮುಖ್ಯ ಅನಿಸುವುದು ಬೇರೆ ಸಂಗತಿ. ಆಗ ರಗ್ಬಿ ಯೂನಿಯನ್ ಎಂಬ ಈ 15 ಜನರ ಆಟದಲ್ಲಿ ಆಡಿದ್ದಕ್ಕೆ ಸಂಬಳ ಇರಲಿಲ್ಲ. ಆಟ ವೃತ್ತಿಪರವಾಗಿದ್ದು 1995ರಲ್ಲಿ. ಅಷ್ಟು ದೊಡ್ಡ ಆಟಗಾರ ಹೊಲ ಬಿಡಲಿಲ್ಲ. ದೊಡ್ಡ ನಗರದ ತಂಡಕ್ಕೂ ಹೋಗಲಿಲ್ಲ, ತನ್ನ ಸಣ್ಣ ಕಿಂಗ್ ಕಂಟ್ರಿ ತಂಡದಲ್ಲೇ ಉಳಿದ. ತಮ್ಮ ಸ್ಟಾನ್ ಕೂಡ ಆಲ್ ಬ್ಲ್ಯಾಕ್ ಆದ. ಒಂದೇ ಹೊಲದ ಮನೆಯಿಂದ ಇಬ್ಬರು!

ಮೀಡ್ಸ್ ಕಂಕುಳಲ್ಲಿ ಕುರಿ ಇರುಕಿಕೊಂಡು ಗುಡ್ಡ ಹತ್ತಿ ತರಬೇತಿ ಮಾಡುತ್ತಿದ್ದ ಅನ್ನುವ ಕಥೆ ಇದೆ. ಕಥೆ ಚೆನ್ನಾಗಿದೆ. ಅದನ್ನು ಕೇಳಿದ ನಮ್ಮ ಹುಡುಗನೊಬ್ಬ ಬನ್ನೂರು ಕುರಿಯನ್ನು ಎತ್ತಿಕೊಂಡು ಓಡಿ ವಿಡಿಯೊ ಮಾಡಿದ್ದ. ಕುರಿಗೂ ಹಿಂಸೆ, ನಿಮಗೂ ಲಾಭವಿಲ್ಲ. ಹೊಲದ ಕೆಲಸವೇ ಅವನ ಮೈ ಕಟ್ಟಿತ್ತು, ಆಟವನ್ನು ಅವನು ಮೈದಾನದಲ್ಲೇ ಕಲಿತ.

ಮೊದಲು ಯಾವ ಜಾಗ ಅಂತ ನೋಡಿಕೊಳ್ಳಿ. 15 ಜನರ ತಂಡದಲ್ಲಿ 1ರಿಂದ 8ರವರೆಗಿನವರು ಫಾರ್ವರ್ಡ್‌ಗಳು. ಕುಳ್ಳಗೆ, ದಪ್ಪ ಕತ್ತು, ಅಗಲ ಸೊಂಟ ಇದ್ದವರು ಪ್ರಾಪ್‌ಗೆ ಬನ್ನಿ, 1 ಅಥವಾ 3. ಅವರಿಬ್ಬರ ನಡುವೆ ನಿಲ್ಲುವ ಹುಕರ್ 2, ಲೈನ್‌ಔಟ್‌ನಲ್ಲಿ, ಅಂದರೆ ಪಕ್ಕದ ಗೆರೆಯಾಚೆ ಹೋದ ಬಾಲನ್ನು ಮತ್ತೆ ಆಟಕ್ಕೆ ತರುವಾಗ, ಬಾಲ್ ಎಸೆಯುವುದು ಸಾಮಾನ್ಯವಾಗಿ ಅವನೇ. ಉದ್ದ ಇದ್ದವರು ಲಾಕ್, 4 ಮತ್ತು 5. ಮೀಡ್ಸ್ ಹೆಚ್ಚಾಗಿ ಆಡಿದ್ದು ಈ ಜಾಗದಲ್ಲಿ. 6, 7, 8 ಇಡೀ ದಿನ ಓಡಿದರೂ ಸುಸ್ತಾಗದವರಿಗೆ. ಕಬಡ್ಡಿ ಆಡಿದವರನ್ನು ನಾನು ಕಣ್ಣು ಮುಚ್ಚಿ 7ಕ್ಕೆ ನಿಲ್ಲಿಸುತ್ತೇನೆ. ಆಮೇಲೆ ಬೇಕಾದರೆ ಬದಲಾಯಿಸಬಹುದು.

ಈಗ ಸ್ಕ್ರಮ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಊರ ಹುಡುಗರು ಎಡವುವುದು ಇಲ್ಲೇ. ಎಂಟು ಜನ ಎಂಟು ಜನರ ಎದುರು ಭುಜ ಕೊಟ್ಟು ನೂಕುವುದು ಕಂಡರೆ ಬರೀ ಬಲದ ಆಟ ಅನಿಸುತ್ತೆ. ಹಾಗಲ್ಲ. ಜೋಡೆತ್ತಿನಲ್ಲಿ ಒಂದು ತಲೆ ಎತ್ತಿ ಒಂದು ತಲೆ ತಗ್ಗಿಸಿದರೆ ನೊಗ ಓರೆಯಾಗಿ ಗಾಡಿ ನಿಂತುಬಿಡುತ್ತದಲ್ಲ, ಸ್ಕ್ರಮ್‌ನಲ್ಲೂ ಹಾಗೇ. ಎಂಟು ಬೆನ್ನು ಒಂದೇ ಎತ್ತರದಲ್ಲಿ ಇರಬೇಕು, ಒಂದೇ ಕ್ಷಣಕ್ಕೆ ನೂಕಬೇಕು.

ನಾವು ಮೂಟೆ ಎತ್ತುವಾಗ ಸೊಂಟದಲ್ಲಿ ಬಗ್ಗಿ, ಬೆನ್ನು ಗುಂಡಗೆ ಮಾಡಿ ಎತ್ತುತ್ತೇವೆ. ಈ ಅಭ್ಯಾಸ ಮೊದಲು ಬಿಡಿ. ಪಾದಗಳನ್ನು ಭುಜದಷ್ಟು ಅಗಲ ಇಟ್ಟು, ಮಂಡಿ ಮಡಿಸಿ, ಪೃಷ್ಠ ಹಿಂದಕ್ಕೆ ತಳ್ಳಿ. ಬೆನ್ನಿನ ಮೇಲೆ ನೀರಿನ ಚೊಂಬು ಇಟ್ಟರೆ ಬೀಳಬಾರದು. ಗಲ್ಲವನ್ನು ಎದೆಗೆ ಅಂಟಿಸಬೇಡಿ. ಕಣ್ಣು ಹುಬ್ಬಿನ ಕೆಳಗಿಂದ ಮುಂದೆ ನೋಡಬೇಕು. ನಿಮ್ಮ ತಲೆ, ಭುಜ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಹೋಗಬಾರದು. ಇದು ನಿಯಮವೂ ಹೌದು, ನಿಮ್ಮ ಕತ್ತಿಗೆ ಕಾವಲೂ ಹೌದು. ರೆಫರಿ ಮೂರು ಮಾತು ಹೇಳುತ್ತಾರೆ: ಕ್ರೌಚ್, ಬೈಂಡ್, ಸೆಟ್. ಮೊದಲನೆಯದಕ್ಕೆ ಬಗ್ಗುವುದು, ಎರಡನೆಯದಕ್ಕೆ ಎದುರಿನವನ ಅಂಗಿ ಹಿಡಿಯುವುದು, ಮೂರನೆಯದಕ್ಕೆ ಭುಜ ಸೇರಿಸುವುದು. ಬಾಲ್ ಒಳಗೆ ಬರುವವರೆಗೆ ನೂಕುವಂತಿಲ್ಲ. ಹುಡುಗರಿಗೆ ಕಷ್ಟವಾಗುವುದು ಈ ಕಾಯುವುದೇ.

ಇನ್ನು ಕತ್ತು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು “ಅಣ್ಣಾ, ನನ್ನ ಕತ್ತು ಗಟ್ಟಿ” ಅನ್ನುತ್ತಾರೆ. ನಿಜ, ಆದರೆ ಆ ಭಾರ ಮೇಲಿಂದ ನೇರ ಕೆಳಗೆ ಇಳಿಯುತ್ತೆ. ಸ್ಕ್ರಮ್‌ನಲ್ಲಿ ಭಾರ ಮುಂದಿಂದ, ಪಕ್ಕದಿಂದ, ತಿರುಚಿಕೊಂಡು ಬರುತ್ತೆ. ಅದಕ್ಕೆ ಬೇರೆ ಅಭ್ಯಾಸ ಬೇಕು. ಗೆಳೆಯನೊಬ್ಬ ನಿಮ್ಮ ಹಣೆಗೆ ಅಂಗೈ ಇಟ್ಟು ನಿಧಾನ ಒತ್ತಲಿ, ತಲೆ ಅಲುಗದಂತೆ ತಡೆಯಿರಿ. ಹತ್ತು ಎಣಿಸಿ ಬಿಡಿ. ಹಾಗೇ ಎಡ, ಬಲ, ಹಿಂದೆ. ಜಗ್ಗಾಡುವುದು, ಎಳೆದಾಡುವುದು ಬೇಡ. ಇದಾದ ಮೇಲೆ ಕೈಕಾಲೂರಿ, ಮಂಡಿ ನೆಲದಿಂದ ಒಂದು ಗೇಣು ಮೇಲಿಟ್ಟು, ಬೆನ್ನು ಮಟ್ಟಸವಾಗಿಟ್ಟು ಮೈದಾನದ ಅಗಲ ನಡೆಯಿರಿ. ಹತ್ತು ಹೆಜ್ಜೆಗೇ ತೊಡೆ ಉರಿಯುತ್ತೆ. ಊರಲ್ಲಿ ಗರಡಿ ಮನೆ ಇದ್ದರೆ ದಂಡ, ಬಸ್ಕಿ ಬಿಡಬೇಡಿ. ಫಾರ್ವರ್ಡ್‌ಗೆ ಜಿಮ್ಮಿನ ಕನ್ನಡಿಗಿಂತ ಗರಡಿಯ ಮಣ್ಣೇ ವಾಸಿ ಅನ್ನುವವನು ನಾನು.

ಇಬ್ಬರಿಬ್ಬರೇ ಭುಜ ಕೊಟ್ಟು ನೂಕುವುದನ್ನು ಚೆನ್ನಾಗಿ ಕಲಿತ ಮೇಲೆ ಮೂವರು, ಆಮೇಲೆ ಐವರು, ಕೊನೆಗೆ ಎಂಟು. ಮೊದಲ ದಿನವೇ ಎಂಟು ಜನರ ಸ್ಕ್ರಮ್‌ಗೆ ನಿಲ್ಲಿಸುವ ತಂಡ ಕಂಡರೆ ಅಲ್ಲಿಂದ ಎದ್ದು ಬನ್ನಿ. ಮುಂದಿನ ಸಾಲಿಗೆ ಅಭ್ಯಾಸವಿಲ್ಲದವರು ಪಂದ್ಯದಲ್ಲಿ ಅಲ್ಲಿ ನಿಲ್ಲುವಂತಿಲ್ಲ. ಕಲಿತವರು ಸಾಲದಿದ್ದರೆ ನೂಕಾಟವಿಲ್ಲದ ಸ್ಕ್ರಮ್ ಆಡಿಸಬೇಕು ಎಂದು ನಿಯಮವೇ ಇದೆ. “ನಾನು ಹೊಸಬ” ಅಂತ ರೆಫರಿಗೆ ಹೇಳಲು ನಾಚಿಕೆ ಬೇಡ.

ಟ್ಯಾಕಲ್, ಅಂದರೆ ಬಾಲ್ ಹಿಡಿದವನನ್ನು ಹಿಡಿದು ಕೆಡವುವ ವಿಷಯಕ್ಕೆ ಬಂದರೆ, ಮಂಡ್ಯ ಕಡೆಯ ಕಬಡ್ಡಿ ಹುಡುಗರಿಗೆ ಹಿಡಿಯುವುದನ್ನು ಹೇಳಿಕೊಡಬೇಕಿಲ್ಲ, ಬಿಡುವುದನ್ನು ಹೇಳಿಕೊಡಬೇಕು! ಕಬಡ್ಡಿಯಲ್ಲಿ ಹಿಡಿದರೆ ಉಸಿರು ನಿಲ್ಲುವವರೆಗೆ ಬಿಡಬಾರದು. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ತಕ್ಷಣ ಅವನನ್ನು ಬಿಡಬೇಕು, ಅವನೂ ಬಾಲ್ ಬಿಡಬೇಕು. ಬಿಡದಿದ್ದರೆ ಪೆನಾಲ್ಟಿ. ಗೋಲ್ ಹತ್ತಿರವಾದರೆ ಎದುರಿನವರು ಒದ್ದು 3 ಅಂಕ ತಗೊಂಡು ಹೋಗುತ್ತಾರೆ. ಒಂದು ಟ್ರೈಗೆ (ಎದುರಾಳಿಯ ಗೋಲ್ ಗೆರೆಯಾಚೆ ಬಾಲನ್ನು ನೆಲಕ್ಕೆ ಒತ್ತಿದ್ದಕ್ಕೆ) ಬರುವುದೇ 5 ಅಂಕ, ಲೆಕ್ಕ ಹಾಕಿ.

ಹಿಡಿಯುವಾಗ ತಲೆ ಎದುರಾಳಿಯ ಮುಂದೆ ಹೋಗಬಾರದು, ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಇರಬೇಕು. ನಿಮ್ಮ ಕೆನ್ನೆ ಅವನ ಪೃಷ್ಠಕ್ಕೆ ತಾಗಬೇಕು ಅಂದರೆ ಹುಡುಗರು ನಗುತ್ತಾರೆ. ನಗಲಿ, ನೆನಪಿರುತ್ತೆ. ಭುಜದಿಂದ ತಗುಲಿ, ಎರಡೂ ಕೈಯಿಂದ ತೊಡೆ ಸುತ್ತಿ, ಕಾಲು ಆಡಿಸುತ್ತಲೇ ಇರಿ. ಬರೀ ಭುಜದಿಂದ ಗುದ್ದುವುದು ತಪ್ಪು. ಭುಜದ ಮಟ್ಟಕ್ಕಿಂತ ಮೇಲೆ ಹಿಡಿದರೆ ಕಾರ್ಡ್ ಬರಬಹುದು. ಹಳದಿ ಕಾರ್ಡ್ ಎಂದರೆ 10 ನಿಮಿಷ ಹೊರಗೆ, ಏಳು ಜನರ ಸೆವೆನ್ಸ್ ಆಟದಲ್ಲಿ 2 ನಿಮಿಷ. ಮೀಡ್ಸ್‌ನಂಥವನನ್ನೇ 1967ರಲ್ಲಿ ಎಡಿನ್‌ಬರ್ಗ್‌ನ ಮರ್ರೆಫೀಲ್ಡ್‌ನಲ್ಲಿ, ಸ್ಕಾಟ್ಲೆಂಡ್ ವಿರುದ್ಧ ಆಡುವಾಗ ರೆಫರಿ ಹೊರಗೆ ಕಳಿಸಿದ್ದರು.

ಇನ್ನೊಂದು ವಿಷಯದಲ್ಲಂತೂ ಮೀಡ್ಸ್‌ನನ್ನು ಅನುಕರಿಸಲೇಬೇಡಿ. 1970ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಅವನ ತೋಳು ಮುರಿಯಿತು. ಆದರೂ ಆ ಪಂದ್ಯ ಮುಗಿಸಿದ. ಎಲ್ಲರೂ ಬಾಯಿ ತುಂಬಾ ಹೊಗಳುವ ಘಟನೆ ಇದು. ನನಗೆ ಇದನ್ನು ಹುಡುಗರ ಮುಂದೆ ಹೇಳುವುದೇ ಇಷ್ಟವಿಲ್ಲ. ನಮ್ಮ ಕಡೆ ತೋಳು ಮುರಿದರೆ ಒಂದು ಕಟಾವು ಹೋಯಿತು ಅಂತಲೇ ಅರ್ಥ. ಆಳಿನ ಕೂಲಿ ಯಾರು ಕೊಡುತ್ತಾರೆ? ತಲೆಗೆ ಪೆಟ್ಟು ಬಿದ್ದು ಮಂಕಾದರೆ, ಕಣ್ಣು ಮಂಜಾದರೆ, ವಾಂತಿ ಬಂದಂತಾದರೆ ಆ ದಿನದ ಆಟ ಮುಗಿಯಿತು. ಮತ್ತೆ ಇಳಿಯುವಂತಿಲ್ಲ, ಡಾಕ್ಟರ್ ನೋಡಲೇಬೇಕು. “ಏನಿಲ್ಲಣ್ಣ, ಸುಮ್ನೆ ತಲೆ ತಿರುಗ್ತು” ಅನ್ನುವವನನ್ನೇ ನಾನು ಮೊದಲು ಕೂರಿಸುವುದು.

ಹೊಲದ ದಮ್ಮು ಬೇರೆ, ಆಟದ ದಮ್ಮು ಬೇರೆ. ನಾವು ಬೆಳಗಿಂದ ಸಂಜೆವರೆಗೆ ಒಂದೇ ಹದದಲ್ಲಿ ಕೆಲಸ ಮಾಡುತ್ತೇವೆ. ರಗ್ಬಿಯಲ್ಲಿ ಐದಾರು ಸೆಕೆಂಡ್ ಮೈಯೆಲ್ಲಾ ಬಿಗಿದು ನೂಕಬೇಕು, ಬೀಳಬೇಕು, ಏಳಬೇಕು, ಓಡಬೇಕು, ಮತ್ತೆ ನೂಕಬೇಕು. ಹೀಗೇ 80 ನಿಮಿಷ. ಫಾರ್ವರ್ಡ್‌ನ ನಿಜವಾದ ಕೆಲಸ ಬಿದ್ದು ಏಳುವುದೇ. ಅದಕ್ಕೊಂದು ಅಭ್ಯಾಸ ಹೇಳುತ್ತೇನೆ. ಅಂಗಾತ ಅಲ್ಲ, ಬೋರಲು ಮಲಗಿ. ಎದ್ದು ನಾಲ್ಕೈದು ಮೀಟರ್ ಓಡಿ, ಗೆಳೆಯನ ಭುಜಕ್ಕೆ ಭುಜ ಕೊಟ್ಟು ಐದು ಎಣಿಸುವವರೆಗೆ ನೂಕಿ, ಹಿಂದೆ ಬಂದು ಮತ್ತೆ ಮಲಗಿ. ಒಂದು ನಿಮಿಷ ಮಾಡಿ, ಒಂದು ನಿಮಿಷ ನಿಲ್ಲಿ. ಮೊದಲ ವಾರ ಇದನ್ನು ಐದು ಸಲ ಮಾಡಿದರೆ ಸಾಕು. ಬೇಸಿಗೆಯಲ್ಲಿ ಬೆಂಗಳೂರಿನ ಕೆಂಪು ಮಣ್ಣಿನ ಮೈದಾನ ಕಲ್ಲಿನಂತಿರುತ್ತೆ. ಬೀಳುವ ಅಭ್ಯಾಸವನ್ನು ಹುಲ್ಲಿರುವ ಕಡೆ ಅಥವಾ ಮಳೆ ಬಿದ್ದ ಮೇಲೆ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಪಾಸ್, ಲೈನ್‌ಔಟ್ ಕಲಿಯಿರಿ.

ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡಬ್ಬದ ಪುಡಿ ಬೇಕಿಲ್ಲ. ಮುದ್ದೆ, ಹುರುಳಿ ಸಾರು, ಮೊಟ್ಟೆ, ಕಡಲೆಕಾಯಿ, ಮೊಸರು. ಆಟಕ್ಕೆ ಮುಂಚೆ ಮುದ್ದೆ ಬೇಡ, ಹೊಟ್ಟೆ ಭಾರ. ಎರಡು ಬಾಳೆಹಣ್ಣು ಸಾಕು.

ಈಗ ಸ್ವಲ್ಪ ಕಹಿ ಮಾತು. ನಮ್ಮ ದೇಶದಲ್ಲಿ ಈಗ ದುಡ್ಡು, ಹೆಸರು ಜಾಸ್ತಿ ಇರುವುದು ಏಳು ಜನರ ಸೆವೆನ್ಸ್ ಆಟದಲ್ಲಿ. ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದು ಅದೇ. 2025ರಲ್ಲಿ ಮುಂಬೈನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಕೂಡ ಸೆವೆನ್ಸೇ, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮ ಹೆಸರಿನ ತಂಡವೂ ಇತ್ತು. ಮೈದಾನ ಅಷ್ಟೇ ದೊಡ್ಡದು, ಆಡುವವರು ಮಾತ್ರ ಏಳು, ಸಾಮಾನ್ಯವಾಗಿ ಒಂದೊಂದು ಅರ್ಧಕ್ಕೆ 7 ನಿಮಿಷ. ಸ್ಕ್ರಮ್‌ಗೆ ಒಂದೊಂದು ಕಡೆಯಿಂದ ಮೂವರೇ. ನನ್ನಂಥ ದಪ್ಪ ಪ್ರಾಪ್ ಅಲ್ಲಿ ಉಸಿರು ಕಟ್ಟಿ ಕೂರುತ್ತಾನೆ. ಹಾಗಾಗಿ ದೇಶದ ಅಂಗಿ ಹಾಕುವ ಆಸೆ ಇದ್ದರೆ ನೂಕುವುದರ ಜೊತೆಗೆ ಓಡುವುದನ್ನೂ ಕಲಿಯಿರಿ. ದಾರಿ ಕ್ಲಬ್‌ನಿಂದ ರಾಜ್ಯ ತಂಡಕ್ಕೆ, ಅಲ್ಲಿಂದ ರಾಷ್ಟ್ರೀಯ ಟೂರ್ನಿಗೆ, ಅಲ್ಲಿ ಕಣ್ಣಿಗೆ ಬಿದ್ದರೆ ಕ್ಯಾಂಪ್‌ಗೆ. ಹಳ್ಳಿಯವರಿಗೆ ಇದು ಆಗದ ಮಾತು ಅನ್ನಬೇಡಿ. ಒಡಿಶಾದ ಭುವನೇಶ್ವರದ ಕಿಸ್ (ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್) ಶಾಲೆಯ ಆದಿವಾಸಿ ಹುಡುಗರು 2007ರಲ್ಲಿ ಲಂಡನ್‌ಗೆ ಹೋಗಿ 14 ವರ್ಷದೊಳಗಿನ ಶಾಲಾ ತಂಡಗಳ ಅಂತರರಾಷ್ಟ್ರೀಯ ಟೂರ್ನಿ ಗೆದ್ದು ಬಂದರು.

ಹೊಲ ಬಿಟ್ಟು ಬರುವ ಮಾತಂತೂ ಬೇಡವೇ ಬೇಡ. ಕಟಾವಿನ ವಾರಗಳಲ್ಲಿ ಅಭ್ಯಾಸಕ್ಕೆ ಬರಬೇಡಿ, ದಣಿದ ಮೈಯಲ್ಲಿ ಸ್ಕ್ರಮ್‌ಗೆ ನಿಂತರೆ ಬೆನ್ನು ಗುಂಡಗಾಗುತ್ತೆ. ಆ ದಿನಗಳಲ್ಲಿ ರಾತ್ರಿ ಮಲಗುವ ಮುಂಚೆ ಕತ್ತಿನ ಅಭ್ಯಾಸ ಒಂದು ಮಾಡಿದರೆ ಸಾಕು. ನಾಟಿ ಮುಗಿದು ಕೈ ಖಾಲಿಯಾದಾಗ ವಾರಕ್ಕೆ ಮೂರು ದಿನ ಕಸರತ್ತು, ಭಾನುವಾರ ಆಟ. ಇದನ್ನು ಮೊದಲೇ ಕೋಚ್‌ಗೆ ಹೇಳಿಬಿಡಿ. ಅರ್ಥ ಮಾಡಿಕೊಳ್ಳದ ಕೋಚ್ ಆದರೆ ಬೇರೆಯವರನ್ನು ಹುಡುಕಿ.

ಮದ್ದೂರು, ಚನ್ನಪಟ್ಟಣ ಕಡೆಯಿಂದ ಬೆಳಗಿನ ರೈಲು ಹಿಡಿದರೆ ಕೆಂಗೇರಿಯಲ್ಲೇ ಇಳಿಯಬಹುದು, ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರುವ ತಾಪತ್ರಯ ಇಲ್ಲ. ಶೂಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಫುಟ್‌ಬಾಲ್ ಸ್ಟಡ್ ಶೂ ನಡೆಯುತ್ತೆ. ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಫುಟ್‌ಬಾಲ್ ಆಡುವ ಹುಡುಗರ ಪರಿಚಯ ಇದ್ದರೆ ಹಳೇದು ಸಿಕ್ಕರೂ ಸಿಗಬಹುದು. ದುಡ್ಡು ಹಾಕಲೇಬೇಕಾದ್ದು ಹಲ್ಲಿಗೆ ಹಾಕುವ ಗಾರ್ಡ್‌ಗೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ, ನಿಮ್ಮ ಹಲ್ಲಿನ ಅಚ್ಚಿಗೆ ಕೂರಿಸಿಕೊಳ್ಳುವಂಥದ್ದು ತಗೊಳ್ಳಿ. ಉಗುರು ಕತ್ತರಿಸಿಕೊಂಡು, ಕೈಯ ಕಡಗ, ಸೊಂಟದ ಉಡದಾರದ ಬೆಳ್ಳಿ ಎಲ್ಲಾ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ.