ಕೊಲಾಜನ್ ಜೆಲ್ಲಿನಲ್ಲಿ ಗೆಡ್ಡೆ ಬೆಳೆಸಿ ಔಷಧ ಪರೀಕ್ಷಿಸಿದ ಅನುಭವ

ಮೈಸೂರಿನ ಮಾನಸಗಂಗೋತ್ರಿಗೆ ಸಮೀಪದ ಪ್ರಯೋಗಾಲಯವೊಂದರಲ್ಲಿ ನಾನು ಸ್ತನ ಕ್ಯಾನ್ಸರಿನ ಎಂಸಿಎಫ್-7 ಜೀವಕೋಶಗಳ ಮೇಲೆ ಕೆಲಸ ಮಾಡುತ್ತೇನೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಂಡ ಈ ಜೀವಕೋಶಗಳು ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿಕೊಳ್ಳುತ್ತವೆ. ಮೇಲೆ ಹಾಕಿದ ಔಷಧ ಎಲ್ಲಕ್ಕೂ ಏಕಕಾಲಕ್ಕೆ ತಲುಪುತ್ತದೆ. ರೋಗಿಯ ಗೆಡ್ಡೆಯಲ್ಲಿ ಹಾಗಾಗುವುದಿಲ್ಲ. ರಕ್ತನಾಳದಿಂದ ದೂರ ಉಳಿದ ಜೀವಕೋಶಗಳಿಗೂ ಔಷಧಕ್ಕೂ ನಡುವೆ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಬಲೆ ಇರುತ್ತದೆ. ಆ ದೂರವನ್ನೂ ಬಲೆಯನ್ನೂ ಪ್ರಯೋಗದಲ್ಲಿ ಕಟ್ಟಿಕೊಳ್ಳದೆ ಔಷಧದ ಶಕ್ತಿಯ ಬಗ್ಗೆ ಮಾತನಾಡುವುದು ಸರಿಯಲ್ಲವೆಂದು ನನಗೆ ಅನ್ನಿಸಿತು.

ಮೊದಲು ಜೀವಕೋಶಗಳ ಉಂಡೆಗಳನ್ನು ಮಾಡಿಕೊಂಡೆ. ತಟ್ಟೆಯ ದುಂಡು ತಳದ ಗುಳಿಗಳಿಗೆ ಅಗರೋಸ್ ಎಂಬ ಜೆಲ್ ಲೇಪಿಸಿದರೆ ಜೀವಕೋಶಗಳಿಗೆ ಅಂಟಿಕೊಳ್ಳಲು ಜಾಗ ಸಿಗದೆ ಅವು ಒಂದನ್ನೊಂದು ಹಿಡಿದು ಉಂಡೆಯಾಗುತ್ತವೆ. ಆಮ್ಲಜನಕ ಅಂಗಾಂಶದೊಳಗೆ ಸುಮಾರು 100ರಿಂದ 200 ಮೈಕ್ರೋಮೀಟರಿನಷ್ಟೇ ಇಳಿಯುವುದರಿಂದ, ಉಂಡೆಯ ಅಡ್ಡಳತೆ 500 ಮೈಕ್ರೋಮೀಟರ್ ಮುಟ್ಟುವವರೆಗೆ ಕಾದೆ. ಆಗ ನಡುಭಾಗಕ್ಕೆ ಉಸಿರು ಸಾಲದೆ ಅಲ್ಲಿನ ಜೀವಕೋಶಗಳು ವಿಭಜನೆಯನ್ನು ನಿಲ್ಲಿಸುತ್ತವೆ.

ಕೊಲಾಜನ್ ಬೆರೆಸುವ ಹೊತ್ತಿನಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಆಮ್ಲದಲ್ಲಿ ಕರಗಿದ ಕೊಲಾಜನ್ನನ್ನು ಮಂಜುಗಡ್ಡೆಯ ಮೇಲಿಟ್ಟು, ಜೀವಕೋಶಗಳ ಆಹಾರ ದ್ರವವಾದ ಮೀಡಿಯಂ ಸೇರಿಸಿ, ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ, ಅದರಲ್ಲಿರುವ, ಆಮ್ಲದ ಮಟ್ಟ ತೋರಿಸುವ ಫೀನಾಲ್ ರೆಡ್‌ನ ಹಳದಿ ಬಣ್ಣ ಕಿತ್ತಳೆಗೆ ತಿರುಗಿ ತೆಳು ಗುಲಾಬಿಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಏಪ್ರಿಲ್ ತಿಂಗಳ ಮೈಸೂರಿನ ಸೆಕೆಯಲ್ಲಿ ದ್ರವವು ಪಿಪೆಟ್ಟಿನ ತುದಿಯಲ್ಲೇ ಗಟ್ಟಿಯಾಗುವ ಸಂಭವವಿರುವುದರಿಂದ ತುದಿಗಳನ್ನೂ ಫ್ರಿಜ್ಜಿನಲ್ಲಿಟ್ಟಿರುತ್ತೇನೆ. ಉಂಡೆಯನ್ನು ಒಳಗಿಟ್ಟು 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಸೇರಿಸಿದರೆ ಕೊಲಾಜನ್ ಗಿಣ್ಣಿನಂತೆ ಹೆಪ್ಪುಗಟ್ಟುತ್ತದೆ.

ಪರೀಕ್ಷೆಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಆರಿಸಿಕೊಂಡೆ. ಈ ಔಷಧ ತಾನೇ ಕೆಂಪಾಗಿ ಹೊಳೆಯುವುದರಿಂದ ಎಲ್ಲಿಯವರೆಗೆ ಹೋಗಿದೆಯೆಂಬುದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ. ಚಪ್ಪಟೆ ತಟ್ಟೆಯಲ್ಲಿ ಹೆಚ್ಚಿನ ಜೀವಕೋಶಗಳನ್ನು ಕೊಂದ ಪ್ರಮಾಣವನ್ನೇ ಇಲ್ಲಿ ಹಾಕಿದಾಗ ಉಂಡೆಯ ಅಂಚಿನಲ್ಲಿ ಕೆಂಪು ಬಳೆಯೊಂದು ಮೂಡಿತು, ಒಳಭಾಗ ಕಪ್ಪಾಗಿಯೇ ಉಳಿಯಿತು. ಕೊಲಾಜಿನೇಸ್ ಕಿಣ್ವದಿಂದ ಜೆಲ್ಲನ್ನು ಕರಗಿಸಿ, ಟ್ರಿಪ್ಸಿನ್ ಕಿಣ್ವ ಹಾಕಿ ಉಂಡೆಯನ್ನು ಬಿಡಿಸಿ ನೋಡಿದರೆ ಬದುಕಿದ್ದ ಜೀವಕೋಶಗಳು ಸಾಕಷ್ಟಿದ್ದವು. ಇಡೀ ಉಂಡೆಗೆ, ಬದುಕಿರುವ ಜೀವಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆ ಮಾಡಿ ಬಂದ ಅಂಕಿಗಳನ್ನು ನಾನು ನೆಚ್ಚುವುದಿಲ್ಲ, ಏಕೆಂದರೆ ಆ ಬಣ್ಣವೂ ಔಷಧದ ಹಾಗೆಯೇ ಒಳಗೆ ಸರಿಯಾಗಿ ಇಳಿಯುವುದಿಲ್ಲ.

2023ರಲ್ಲಿ ನಮ್ಮ ದೇಶದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿಗೆ ತಂದ ತಿದ್ದುಪಡಿಯು ಪ್ರಾಣಿಗಳನ್ನು ಬಳಸದ ಇಂಥ ಮಾದರಿಗಳಿಗೂ ಅವಕಾಶ ಕೊಟ್ಟಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. ಈಗ ಅದೇ ಜೆಲ್ಲಿಗೆ ಅಂಗಾಂಶದ ನಾರುಗಳನ್ನು ತಯಾರಿಸುವ ಫೈಬ್ರೊಬ್ಲಾಸ್ಟ್ ಜೀವಕೋಶಗಳನ್ನೂ ಸೇರಿಸುತ್ತಿದ್ದೇನೆ. ಅವು ನಾರುಗಳನ್ನು ಎಳೆದು ಜೆಲ್ಲನ್ನು ಬಿಗಿಗೊಳಿಸುವುದರಿಂದ, ಔಷಧ ಹಾಕುವ ಮೊದಲೇ ಅದರ ಗಡಸುತನವನ್ನು ಪ್ರತಿ ಸಲವೂ ಅಳೆದು ಬರೆದಿಟ್ಟುಕೊಳ್ಳುತ್ತೇನೆ.